ಶಾಲಾ ತೋಟಕ್ಕೆ ಅನುದಾನ: ಬೇಲಿಗೆ ಸಿಗುವ ಹಣ ತೋಟ ನೋಡಿಕೊಳ್ಳುವವರಿಗೆ ಏಕೆ ಸಿಗುವುದಿಲ್ಲ?

ಸಮಿತಿ ಸದಸ್ಯ

ಎಲ್ಲರಿಗೂ ನಮಸ್ಕಾರ. ನಾನು ಒಂದು ಶಾಲೆಯ ಆಡಳಿತ ಸಮಿತಿಯಲ್ಲಿದ್ದೇನೆ. ಶಾಲೆಯ ಹಿಂಬದಿಯಲ್ಲಿ ಸುಮಾರು ನೂರು ಚದರ ಮೀಟರ್ ಖಾಲಿ ಜಾಗವಿದ್ದು, ಅಲ್ಲಿ ತರಕಾರಿ ತೋಟ ಮಾಡಲು ಒಂದು ದತ್ತಿ ಸಂಸ್ಥೆಯವರು ಒಂದೇ ಕಂತಿನಲ್ಲಿ ಹಣ ಕೊಡಲು ಮುಂದೆ ಬಂದಿದ್ದಾರೆ. ಅವರ ಅರ್ಜಿ ನಮೂನೆಯಲ್ಲಿ ಬೇಲಿ, ನೀರಿನ ತೊಟ್ಟಿ, ಏರುಪಾತಿಗಳು (ನೆಲದಿಂದ ಎತ್ತರಿಸಿ ಕಟ್ಟಿದ ಪಾತಿಗಳು), ಉಪಕರಣ, ನಾಮಫಲಕ ಇವುಗಳಿಗೆಲ್ಲ ಪ್ರತ್ಯೇಕ ಸಾಲುಗಳಿವೆ. ಕೂಲಿಗಾಗಲೀ ಸಂಬಳಕ್ಕಾಗಲೀ ಸಾಲೇ ಇಲ್ಲ. ‘ಉದ್ದೇಶ’ ಎಂಬ ಕಡೆ ಅಪೌಷ್ಟಿಕತೆ ನಿವಾರಣೆ, ನೆರೆಹೊರೆಯ ಬಡ ಕುಟುಂಬಗಳಿಗೆ ತರಕಾರಿ ಪೂರೈಕೆ ಮತ್ತು ಮಕ್ಕಳ ಶಿಕ್ಷಣ, ಈ ಮೂರನ್ನೂ ಅವರೇ ಮೊದಲೇ ಅಚ್ಚು ಹಾಕಿಸಿದ್ದಾರೆ.

ಬರುವ ಹಣವನ್ನು ಬೇಡವೆನ್ನಲು ಸಮಿತಿಯಲ್ಲಿ ಯಾರಿಗೂ ಮನಸ್ಸಿಲ್ಲ. ಆದರೆ ಎರಡನೆಯ ವರ್ಷ ಈ ತೋಟವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ. ಇಂಥ ಅನುದಾನವನ್ನು ಪಡೆದವರು ಅಥವಾ ಕೊಟ್ಟವರು ಇಲ್ಲಿದ್ದರೆ, ಅರ್ಜಿಯಲ್ಲಿ ಏನನ್ನು ಕೇಳಬೇಕು, ಏನನ್ನು ಒಪ್ಪಬಾರದು ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಬೇಕು.

ಅರ್ಜಿ ಪರಿಶೀಲಕಿ

ನಾನು ಅನುದಾನ ಕೊಡುವವರ ಮೇಜಿನ ಆ ಬದಿಯಲ್ಲಿ ಕುಳಿತು ಇಂಥ ಅರ್ಜಿಗಳನ್ನು ಓದುತ್ತೇನೆ. ಆದ್ದರಿಂದ ಆ ನಮೂನೆ ಏಕೆ ಹಾಗಿದೆ ಎಂಬುದನ್ನು ಮೊದಲು ಹೇಳುವುದು ಒಳ್ಳೆಯದು. ಬೇಲಿ ಕಟ್ಟಿದ್ದಕ್ಕೆ ರಸೀದಿ ಇರುತ್ತದೆ, ಫೋಟೋ ಇರುತ್ತದೆ, ಒಂದು ದಿನ ಹೋಗಿ ನೋಡಿದರೆ ಅದು ಅಲ್ಲೇ ನಿಂತಿರುತ್ತದೆ. ಸಂಬಳ ಕೊಟ್ಟಿದ್ದಕ್ಕೆ ಹಾಜರಿ ಪುಸ್ತಕದ ಹೊರತು ತೋರಿಸಲು ಏನೂ ಇರುವುದಿಲ್ಲ. ಅಲ್ಲದೆ, ಒಮ್ಮೆ ಸಂಬಳ ಕೊಡಲು ಆರಂಭಿಸಿದರೆ ನಿಲ್ಲಿಸುವುದು ಹೇಗೆ ಎಂಬ ಭಯ ದಾನಿಗಳಿಗೆ ಸದಾ ಇರುತ್ತದೆ. ಆ ಭಯ ಅರ್ಥವಾಗುವಂಥದ್ದೇ. ಆದರೂ ಅದರ ಫಲವಾಗಿ, ತೋಟದಲ್ಲಿ ಕೆಡದೆ ಉಳಿಯುವ ವಸ್ತುಗಳಿಗೆಲ್ಲ ಹಣ ಬರುತ್ತದೆ ಮತ್ತು ಪ್ರತಿದಿನ ಗಮನ ಬೇಡುವ ಗಿಡಗಳಿಗೆ ಬರುವುದಿಲ್ಲ.

ನಾನು ಅರ್ಜಿಯಲ್ಲಿ ಮೊದಲು ಹುಡುಕುವುದು ದೀರ್ಘ ರಜೆಯ ಏರ್ಪಾಡನ್ನು. ಶಾಲೆ ಮುಚ್ಚಿರುವ ವಾರಗಳಲ್ಲಿ ನೀರು ಹಾಕುವವರು ಯಾರು, ಬೀಗದ ಕೈ ಯಾರ ಬಳಿ ಇರುತ್ತದೆ, ಆ ದಿನಗಳಲ್ಲಿ ಬಂದ ಫಸಲು ಯಾರಿಗೆ ಸೇರುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿರುವ ಅರ್ಜಿ ಅಪರೂಪ. ಉತ್ತರವಿದ್ದರೆ ಉಳಿದ ಪುಟಗಳನ್ನು ನಂಬಿಕೆಯಿಂದ ಓದುತ್ತೇನೆ. ‘ಶಿಕ್ಷಕರು ಸ್ವಯಂಪ್ರೇರಣೆಯಿಂದ ನೋಡಿಕೊಳ್ಳುತ್ತಾರೆ’ ಎಂದು ಬರೆದಿದ್ದರೆ, ಆ ವಾಕ್ಯವನ್ನು ಶಿಕ್ಷಕರೇ ಬರೆದರೋ ಅಥವಾ ಅವರ ಪರವಾಗಿ ಬೇರೆ ಯಾರಾದರೂ ಬರೆದರೋ ಎಂದು ಕೇಳಬೇಕೆನಿಸುತ್ತದೆ.

ತಮ್ಮ ನಮೂನೆಯಲ್ಲಿ ಸಂಬಳದ ಸಾಲು ಇಲ್ಲವೆಂದು ಸುಮ್ಮನಾಗಬೇಡಿ. ಅದೇ ಮೊತ್ತವನ್ನು ಮೂರು ವರ್ಷಕ್ಕೆ ಹಂಚಿ ಕೊಡುವಂತೆಯೂ, ಮೊದಲ ವರ್ಷದ ಕಟ್ಟೋಣಕ್ಕೆ ಮೂರನೆಯ ಒಂದು ಭಾಗವನ್ನಷ್ಟೇ ಬಳಸಿ ಉಳಿದದ್ದನ್ನು ಅರೆಕಾಲಿಕ ತೋಟಗಾರರ ವೇತನ, ಬೀಜ, ಗೊಬ್ಬರ, ದುರಸ್ತಿ ಇವುಗಳಿಗೆ ಮೀಸಲಿಡುವಂತೆಯೂ ಒಂದು ಪತ್ರದಲ್ಲಿ ಕೋರಿ. ಒಟ್ಟು ಮೊತ್ತ ಹೆಚ್ಚಾಗದಿದ್ದರೆ ಬಹಳಷ್ಟು ದಾನಿಗಳು ಒಪ್ಪುತ್ತಾರೆ.

ವಿಜ್ಞಾನ ಶಿಕ್ಷಕಿ

ಪರಿಶೀಲಕಿಯವರು ಹೇಳಿದ ಆ ‘ಸ್ವಯಂಪ್ರೇರಣೆ’ಯ ಬಗ್ಗೆ ಎರಡು ಮಾತು. ತೋಟದ ಕೆಲಸವನ್ನು ಪಾಠದ ವೇಳಾಪಟ್ಟಿಯೊಳಗೆ ತರದೆ, ಶಾಲೆ ಬಿಟ್ಟ ಮೇಲೆ ಮಾಡುವ ಹೆಚ್ಚುವರಿ ಚಟುವಟಿಕೆಯನ್ನಾಗಿ ಇಟ್ಟರೆ, ಅದು ಆಸಕ್ತಿಯುಳ್ಳ ಒಬ್ಬ ಶಿಕ್ಷಕರ ಹೆಗಲಿಗೆ ಬೀಳುತ್ತದೆ. ಅವರು ವರ್ಗವಾದ ವರ್ಷವೇ ತೋಟವೂ ಮುಗಿಯುತ್ತದೆ. ಬೆಳೆಯುವ ಸಸಿಯ ಎತ್ತರವನ್ನು ವಾರವಾರ ಅಳೆದು ರೇಖಾಚಿತ್ರ ಬಿಡಿಸುವುದು ಗಣಿತದ ಪಾಠ. ಪಾತಿಯ ಅರ್ಧಕ್ಕೆ ಒಣ ಎಲೆಯ ಹೊದಿಕೆ ಹಾಕಿ, ಉಳಿದರ್ಧವನ್ನು ಹಾಗೆಯೇ ಬಿಟ್ಟು, ಎರಡರ ತೇವವನ್ನು ಹೋಲಿಸುವುದು ವಿಜ್ಞಾನದ ಪಾಠ. ಇವನ್ನು ಪಠ್ಯಕ್ರಮದ ಯಾವ ಘಟಕದ ಬದಲಿಗೆ ಮಾಡುತ್ತೇವೆ ಎಂದು ಮೊದಲೇ ಗೊತ್ತುಪಡಿಸಿದರೆ ಮಾತ್ರ ಅವಕ್ಕೆ ಸಮಯ ಸಿಗುತ್ತದೆ. ಅನುದಾನದಲ್ಲಿ ಈ ಪಾಠಯೋಜನೆ ತಯಾರಿಸುವ ಕೆಲಸಕ್ಕೂ ಒಂದು ಸಣ್ಣ ಪಾಲು ಇರಲಿ.

ಅಮೆರಿಕದ ಬರ್ಕ್ಲಿಯಲ್ಲಿ ಬಾಣಸಿಗರಾದ ಆಲಿಸ್ ವಾಟರ್ಸ್ ಅವರು 1995ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಮಾಧ್ಯಮಿಕ ಶಾಲೆಯ ಆವರಣದಲ್ಲಿ ಆರಂಭಿಸಿದ ತೋಟವನ್ನು ಎಲ್ಲರೂ ಉದಾಹರಿಸುತ್ತಾರೆ. ಅಲ್ಲಿನ ಒಂದು ಎಕರೆಯ ಚಿತ್ರಗಳು ಎಲ್ಲ ಕಡೆ ಹಬ್ಬಿವೆ. ಆದರೆ ಅಲ್ಲಿ ತೋಟದ ಪಾಠಕ್ಕೆ ಮತ್ತು ಅಡುಗೆಮನೆಯ ಪಾಠಕ್ಕೆ ಸಂಬಳ ಪಡೆಯುವ ಪ್ರತ್ಯೇಕ ಶಿಕ್ಷಕರಿದ್ದಾರೆ ಎಂಬುದು ಆ ಚಿತ್ರಗಳಲ್ಲಿ ಕಾಣುವುದಿಲ್ಲ. ನಕಲು ಮಾಡುವವರು ಪಾತಿಗಳನ್ನು ನಕಲು ಮಾಡಿ ಆ ಹುದ್ದೆಗಳನ್ನು ಬಿಟ್ಟುಬಿಡುತ್ತಾರೆ.

ಪೌಷ್ಟಿಕತೆಯ ಕ್ಷೇತ್ರದವರು

ಇಲ್ಲಿ ನಡೆಯುತ್ತಿರುವ ಮಾತು ಹಣವನ್ನು ಹೇಗೆ ಹಂಚಬೇಕೆಂಬುದರ ಮೇಲಿದೆ. ಅದಕ್ಕೂ ಮೊದಲಿನ ಪ್ರಶ್ನೆಯೊಂದನ್ನು ಯಾರೂ ಕೇಳಿಲ್ಲ. ಅಚ್ಚಾದ ಆ ಮೂರು ಉದ್ದೇಶಗಳಿಗೆ ಸಮಿತಿ ಸಹಿ ಹಾಕಬಹುದೇ? ಹಾಕಬಾರದೆಂದು ನನ್ನ ಅಭಿಪ್ರಾಯ.

ಲೆಕ್ಕ ನೋಡೋಣ. ಶಾಲೆಯಲ್ಲಿ ಇನ್ನೂರು ಮಕ್ಕಳಿದ್ದಾರೆ, ಪ್ರತಿಯೊಬ್ಬರಿಗೂ ದಿನಕ್ಕೆ ನೂರು ಗ್ರಾಂ ತರಕಾರಿ, ವರ್ಷಕ್ಕೆ ಇನ್ನೂರು ದಿನ ಎಂದು ಹಿಡಿದರೆ ಬೇಕಾಗುವುದು 4,000 ಕಿಲೋ. ನೂರು ಚದರ ಮೀಟರನ್ನು ಪೂರ್ತಿ ಬಿತ್ತಿ, ಪ್ರತಿ ಚದರ ಮೀಟರಿಗೆ ವರ್ಷಕ್ಕೆ ಮೂರು ಕಿಲೋ ಬಂದರೂ ಸಿಗುವುದು 300 ಕಿಲೋ. ಅಂದರೆ ನೂರರಲ್ಲಿ ಎಂಟು ಪಾಲೂ ಆಗುವುದಿಲ್ಲ. ಅದರಲ್ಲೂ ನಡೆದಾಡುವ ದಾರಿ, ಗೊಬ್ಬರದ ಗುಂಡಿ ಇವುಗಳಿಗೆ ಜಾಗ ಕಳೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ಮತ್ತು ತರಕಾರಿ ತಿನ್ನಬೇಕೆನ್ನುತ್ತದೆ. ಆ ಅಳತೆಯ ಮುಂದೆ ಈ ತೋಟದ ಕೊಡುಗೆ ಇನ್ನೂ ಚಿಕ್ಕದಾಗಿ ಕಾಣುತ್ತದೆ.

ಆಹಾರ ತಲುಪಿಸುವುದೇ ಗುರಿಯಾದರೆ ಅದಕ್ಕೆ ಇದಕ್ಕಿಂತ ನೇರವಾದ ದಾರಿಗಳಿವೆ. ಬ್ರೆಜಿಲ್ ದೇಶವು 2009ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಶಾಲಾ ಊಟಕ್ಕೆ ಒಕ್ಕೂಟ ಸರಕಾರ ಕೊಡುವ ಹಣದಲ್ಲಿ ಕನಿಷ್ಠ ಶೇ. 30ರಷ್ಟನ್ನು ಸಣ್ಣ ಕುಟುಂಬ ಕೃಷಿಕರಿಂದ ಆಹಾರ ಕೊಳ್ಳಲು ಬಳಸಬೇಕಿತ್ತು. ಅದರಿಂದ ಮಕ್ಕಳ ತಟ್ಟೆಗೆ ತರಕಾರಿಯೂ ಬಂತು, ರೈತರಿಗೆ ಖಾತರಿಯ ಮಾರುಕಟ್ಟೆಯೂ ಸಿಕ್ಕಿತು.

ಇನ್ನು ಮಕ್ಕಳ ಆಹಾರಾಭ್ಯಾಸದ ಮೇಲೆ ತೋಟದ ಪರಿಣಾಮ. ಅಮೆರಿಕದ ಟೆಕ್ಸಸ್ ರಾಜ್ಯದ 16 ಪ್ರಾಥಮಿಕ ಶಾಲೆಗಳಲ್ಲಿ ತೋಟ, ಪೌಷ್ಟಿಕತೆಯ ಪಾಠ ಮತ್ತು ಅಡುಗೆಯನ್ನು ಸೇರಿಸಿ ನಡೆಸಿದ ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಮಕ್ಕಳು ತರಕಾರಿ ತಿನ್ನುವುದು ಸ್ವಲ್ಪ ಹೆಚ್ಚಿತ್ತು, ಸ್ಥೂಲಕಾಯದ ಅಳತೆಗಳಲ್ಲಾಗಲೀ ರಕ್ತದೊತ್ತಡದಲ್ಲಾಗಲೀ ವ್ಯತ್ಯಾಸ ಕಾಣಲಿಲ್ಲ. ನೇಪಾಳದಲ್ಲಿ ನಡೆದ ಅಧ್ಯಯನಗಳು ಇನ್ನೂ ಸ್ಪಷ್ಟವಾಗಿವೆ: ಶಾಲಾ ತೋಟ ಮಾತ್ರ ಇದ್ದಾಗ ಮಕ್ಕಳ ತಿಳಿವಳಿಕೆ ಹೆಚ್ಚಿತು, ತಿನ್ನುವ ಪ್ರಮಾಣ ಹೆಚ್ಚಲಿಲ್ಲ. ಮಕ್ಕಳ ಮನೆಗಳಲ್ಲೂ ಕೈತೋಟ ಮಾಡಲು ನೆರವಾದಾಗ ತಿನ್ನುವುದೂ ಹೆಚ್ಚಿತು. ಹೀಗಿರುವಾಗ ‘ಅಪೌಷ್ಟಿಕತೆ ನಿವಾರಣೆ’ ಎಂದು ಬರೆದುಕೊಟ್ಟು, ಮೂರು ವರ್ಷದ ನಂತರ ದಾನಿಗಳು ಮಕ್ಕಳ ತೂಕದ ಪಟ್ಟಿ ಕೇಳಿದರೆ ಸಮಿತಿ ಏನು ಕೊಡುತ್ತದೆ?

ತೋಟಗಾರ

ನಾನು ಸಂಬಳಕ್ಕೆ ತೋಟ ನೋಡಿಕೊಳ್ಳುವವನು. ಮೇಡಂ ಅವರ ಲೆಕ್ಕ ಸರಿಯಾಗಿದೆ. ಆದರೆ ಅದು ಎಲ್ಲ ತರಕಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಸೊಪ್ಪನ್ನು ಬಿತ್ತಿದರೆ ಮೂರು ನಾಲ್ಕು ವಾರಗಳಲ್ಲಿ ಮೊದಲ ಕೊಯ್ಲು ಬರುತ್ತದೆ, ಅದೇ ಬುಡದಿಂದ ಮತ್ತೆ ಚಿಗುರುತ್ತದೆ. ತೂಕ ಕಡಿಮೆಯಾದರೂ ಅಡುಗೆಗೆ ಹಸಿರು ಸೇರುತ್ತದೆ. ದೂರದಿಂದ ಬರುವ ಸೊಪ್ಪು ಬೇಗ ಬಾಡುವುದರಿಂದ ಸಣ್ಣ ಜಾಗದಲ್ಲಿ ಬೆಳೆಯಲು ಅದಕ್ಕಿಂತ ತಕ್ಕದ್ದು ಇಲ್ಲ. ತಿಂಗಳುಗಟ್ಟಲೆ ಜಾಗ ಹಿಡಿದು ಕೂರುವ ಬೆಳೆಗಳನ್ನು ಶಾಲೆಯ ತೋಟದಲ್ಲಿ ಹಾಕುವುದೇ ಬೇಡ, ಮಕ್ಕಳಿಗೆ ತೋರಿಸಲು ಒಂದೆರಡು ಗಿಡ ಸಾಕು.

ಕೆಲಸದ ಸಮಯದ ಬಗ್ಗೆಯೂ ಹೇಳಬೇಕು. ದಿನಾ ಸ್ವಲ್ಪ ಹೊತ್ತು ಕೆಲಸ ಮಾಡುವವರು ಬೇಕು. ವಾರಕ್ಕೊಮ್ಮೆ ಇಡೀ ದಿನ ಬರುವವರಿಂದ ಪ್ರಯೋಜನ ಕಡಿಮೆ, ಏಕೆಂದರೆ ಹುಳ ಬಿದ್ದದ್ದನ್ನು ಎರಡನೆಯ ದಿನ ಕಂಡರೆ ಕೈಯಿಂದ ಆರಿಸಬಹುದು, ಏಳನೆಯ ದಿನ ಕಂಡರೆ ಗಿಡವನ್ನೇ ಕೀಳಬೇಕಾಗುತ್ತದೆ. ನಾಮಫಲಕದ ಹಣದಲ್ಲಿ ಒಳ್ಳೆಯ ಗುದ್ದಲಿಗಳನ್ನು ಕೊಳ್ಳಬಹುದು. ಮಕ್ಕಳ ಕೈಗೆ ಹೊಂದುವ ಸಣ್ಣ ಅಳತೆಯವನ್ನೂ ಕೊಳ್ಳಿ.

ಸಮುದಾಯ ತೋಟದ ಸಂಯೋಜಕ

ಪೌಷ್ಟಿಕತೆಯ ಕ್ಷೇತ್ರದವರ ವಾದವನ್ನು ನಾನು ಶಾಲಾ ತೋಟದ ಮಟ್ಟಿಗೆ ಒಪ್ಪುತ್ತೇನೆ, ಸಮುದಾಯ ತೋಟದ ಮಟ್ಟಿಗೆ ಒಪ್ಪುವುದಿಲ್ಲ. ಶಾಲೆಯ ತೋಟದಲ್ಲಿ ಇನ್ನೂರು ಮಕ್ಕಳು ನೂರು ಚದರ ಮೀಟರನ್ನು ಹಂಚಿಕೊಳ್ಳುತ್ತಾರೆ, ಸಮುದಾಯ ತೋಟದಲ್ಲಿ ಒಂದು ಕುಟುಂಬಕ್ಕೆ ಒಂದು ತುಂಡು ಭೂಮಿ ಇರುತ್ತದೆ. ಬ್ರಿಟನ್ನಿನಲ್ಲಿ ವಾಡಿಕೆಯಲ್ಲಿರುವ ಪೂರ್ಣ ಪ್ರಮಾಣದ ತುಂಡು ಸುಮಾರು 250 ಚದರ ಮೀಟರ್. ಅಷ್ಟು ನೆಲದಲ್ಲಿ ಒಂದು ಮನೆಯ ತರಕಾರಿಯ ದೊಡ್ಡ ಪಾಲು ಬೆಳೆಯುತ್ತದೆ. ಅಮೆರಿಕದ ಡೆನ್ವರ್ ನಗರದಲ್ಲಿ 291 ವಯಸ್ಕರನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ ನಡೆಸಿದ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತೋಟದ ತುಂಡು ಸಿಕ್ಕವರು ಸಿಗದವರಿಗಿಂತ ದಿನಕ್ಕೆ ಸುಮಾರು 1.4 ಗ್ರಾಂ ಹೆಚ್ಚು ನಾರಿನಂಶ ತಿಂದರು, ಅವರ ಮಾನಸಿಕ ಒತ್ತಡವೂ ಕಡಿಮೆಯಾಯಿತು. ಇದೂ ದೊಡ್ಡ ಸಂಖ್ಯೆಯಲ್ಲ, ಆದರೆ ಅಳೆದು ತೋರಿಸಿದ ಸಂಖ್ಯೆ.

ಸಮುದಾಯ ತೋಟಗಳ ನಿಜವಾದ ಸಮಸ್ಯೆ ಭೂಮಿಯ ಭದ್ರತೆ. ಪಾಳುಬಿದ್ದ ಜಾಗವನ್ನು ಹಸನು ಮಾಡಿದಷ್ಟೂ ಅದರ ಬೆಲೆ ಏರುತ್ತದೆ, ಏರಿದಷ್ಟೂ ಮಾರುವ ಆಸೆ ಹೆಚ್ಚುತ್ತದೆ. ನ್ಯೂಯಾರ್ಕಿನಲ್ಲಿ 1970ರ ದಶಕದಲ್ಲಿ ನಿವಾಸಿಗಳು ಖಾಲಿ ನಿವೇಶನಗಳನ್ನು ತೋಟಗಳನ್ನಾಗಿ ಮಾಡಿದರು, 1978ರಲ್ಲಿ ನಗರಾಡಳಿತವೇ ಅವರಿಗೆ ನೆರವಾಗುವ ಗ್ರೀನ್‌ಥಂಬ್ ಯೋಜನೆಯನ್ನು ಆರಂಭಿಸಿತು. ಅದೇ ನಗರಾಡಳಿತ 1999ರಲ್ಲಿ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗೆ ಇಟ್ಟಿತು. ಎರಡು ಲಾಭರಹಿತ ಸಂಸ್ಥೆಗಳು ಹಣ ಹೊಂದಿಸಿ ಕೊಂಡುಕೊಂಡದ್ದರಿಂದ ಅವು ಉಳಿದವು. ಲಾಸ್ ಏಂಜಲಿಸಿನ ಸೌತ್ ಸೆಂಟ್ರಲ್ ತೋಟಕ್ಕೆ ಆ ಅದೃಷ್ಟವಿರಲಿಲ್ಲ. 14 ಎಕರೆಯಲ್ಲಿ ಸುಮಾರು 350 ಕುಟುಂಬಗಳು ಬೆಳೆ ತೆಗೆಯುತ್ತಿದ್ದ ಆ ಜಾಗವನ್ನು 2006ರಲ್ಲಿ ತೆರವು ಮಾಡಿಸಲಾಯಿತು. ಬ್ರಿಟನ್ನಿನಲ್ಲಿ ಪರಿಸ್ಥಿತಿ ಬೇರೆ: 1908ರ ಕಾನೂನು ಜನರಿಂದ ಬೇಡಿಕೆ ಬಂದರೆ ತುಂಡು ಭೂಮಿ ಒದಗಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿತು, 1925ರ ಕಾನೂನು ಅದಕ್ಕಾಗಿಯೇ ಕೊಂಡ ಭೂಮಿಯನ್ನು ಸಚಿವರ ಒಪ್ಪಿಗೆಯಿಲ್ಲದೆ ಮಾರದಂತೆ ತಡೆಯಿತು. ಸಾವಿರ ಸಣ್ಣ ಅನುದಾನಗಳು ಮಾಡಲಾಗದ ಕೆಲಸವನ್ನು ಈ ಎರಡು ಕಾನೂನುಗಳು ಮಾಡಿವೆ ಎಂದೇ ನಾನು ಭಾವಿಸುತ್ತೇನೆ.

ಆದ್ದರಿಂದ ಸಮಿತಿ ಸದಸ್ಯರಿಗೆ ನನ್ನ ಸಲಹೆ ಇಷ್ಟು. ಆ ಹಿಂಬದಿಯ ಜಾಗದಲ್ಲಿ ಮುಂದೆ ಕೊಠಡಿ ಕಟ್ಟುವ ಯೋಚನೆ ಶಾಲೆಗಿದೆಯೇ ಎಂದು ಮೊದಲು ಕೇಳಿ. ಇದ್ದರೆ ಕಾಂಕ್ರೀಟು ಹಾಕಿ ಪಾತಿ ಕಟ್ಟಬೇಡಿ.

ಚರಿತ್ರೆ ಓದುವವರು

ಪೌಷ್ಟಿಕತೆಯ ಕ್ಷೇತ್ರದವರು ಮತ್ತು ಸಂಯೋಜಕರು, ಇಬ್ಬರ ಮಾತಿಗೂ ಹೊಂದುವ ಒಂದು ಹಳೆಯ ಸಂಗತಿ ನೆನಪಾಯಿತು. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಹೌಷಿಲ್ಡ್ ಎಂಬ ಶಾಲಾ ಮುಖ್ಯಸ್ಥರು ಸ್ಥಾಪಿಸಿದ ಸಂಘವೊಂದು, ತೀರಿಕೊಂಡಿದ್ದ ವೈದ್ಯ ಶ್ರೇಬರ್ ಅವರ ಹೆಸರಿನಲ್ಲಿ, 1865ರಲ್ಲಿ ಮಕ್ಕಳಿಗಾಗಿ ಆಟದ ಬಯಲನ್ನು ತೆರೆಯಿತು. ಕೆಲವು ವರ್ಷಗಳ ನಂತರ ಗೆಸೆಲ್ ಎಂಬ ಶಿಕ್ಷಕರು ಅದರ ಅಂಚಿನಲ್ಲಿ ಮಕ್ಕಳಿಗೆ ಪಾತಿಗಳನ್ನು ಮಾಡಿಕೊಟ್ಟರು. ಮಕ್ಕಳ ಉತ್ಸಾಹ ಬೇಗ ಇಳಿದು ಪಾತಿಗಳಲ್ಲಿ ಕಳೆ ತುಂಬಿದಾಗ ತಂದೆತಾಯಂದಿರು ಗುದ್ದಲಿ ಹಿಡಿದರು, ಕ್ರಮೇಣ ಅವು ಕುಟುಂಬದ ತೋಟಗಳಾದವು. ಇಂದು ಜರ್ಮನಿಯಲ್ಲಿ ಸುಮಾರು ಒಂಬತ್ತು ಲಕ್ಷ ಇಂಥ ಸಣ್ಣ ತೋಟಗಳಿದ್ದು, ಅವುಗಳ ಬಾಡಿಗೆಗೆ 1983ರ ಕಾನೂನು ಮಿತಿ ಹಾಕಿದೆ. ಶಾಲಾ ತೋಟವನ್ನು ಮಕ್ಕಳೇ ನಡೆಸುತ್ತಾರೆ ಎಂಬ ನಂಬಿಕೆಗೆ ಒಂದೂವರೆ ಶತಮಾನದ ಹಿಂದೆಯೇ ಉತ್ತರ ಸಿಕ್ಕಿತ್ತು.

ಹಣ ಎಲ್ಲಿಂದ ಬರುತ್ತದೆ ಎಂಬುದಕ್ಕೂ ಒಂದು ಪೂರ್ವನಿದರ್ಶನವಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಶಿಕ್ಷಣ ಬ್ಯೂರೋ ಯುದ್ಧದ ನಿಧಿಯ ನೆರವಿನಿಂದ ‘ಶಾಲಾ ತೋಟಗಳ ಸೇನೆ’ ಎಂಬ ಕಾರ್ಯಕ್ರಮವನ್ನು ನಡೆಸಿ, ದೇಶದಾದ್ಯಂತ ಮಕ್ಕಳನ್ನು ತರಕಾರಿ ಬೆಳೆಯಲು ಹಚ್ಚಿತು. ಯುದ್ಧ ಮುಗಿದ ಮೇಲೆ ಹಣವೂ ನಿಂತಿತು, ಸೇನೆಯೂ ಕರಗಿತು. ತುರ್ತು ಪರಿಸ್ಥಿತಿಯ ಹೆಸರಿನಲ್ಲಿ ಬಂದ ಹಣಕ್ಕೆ ಆ ಪರಿಸ್ಥಿತಿಯಷ್ಟೇ ಆಯುಸ್ಸು.

ಅರ್ಜಿ ಪರಿಶೀಲಕಿ

ಒಳ್ಳೆಯ ಉದಾಹರಣೆ. ಇದಕ್ಕೆ ವಿರುದ್ಧವಾದ ನಡೆಗಳೂ ಇವೆ. ಅಮೆರಿಕದಲ್ಲೇ 2010ರ ಮಕ್ಕಳ ಪೌಷ್ಟಿಕಾಹಾರ ಕಾಯ್ದೆಯು ಹೊಲದಿಂದ ಶಾಲೆಗೆ ಆಹಾರ ತರುವ ಯೋಜನೆಗಳಿಗೆ ಪ್ರತಿವರ್ಷ ಕಡ್ಡಾಯವಾಗಿ ಹಣ ಒದಗಿಸುವ ವ್ಯವಸ್ಥೆ ಮಾಡಿತು, ಶಾಲಾ ತೋಟಗಳೂ ಅದರಡಿ ಬರುತ್ತವೆ. ಅರ್ಜಿದಾರರು ಒಟ್ಟು ವೆಚ್ಚದ ಕಾಲು ಭಾಗವನ್ನು ತಾವು ಹೊಂದಿಸಬೇಕೆಂಬ ನಿಯಮವಿದ್ದು, ಅದನ್ನು ಶ್ರಮದ ಮತ್ತು ವಸ್ತುಗಳ ರೂಪದಲ್ಲೂ ತೋರಿಸಬಹುದು. ಇದರಲ್ಲಿ ಒಂದು ಪಾಠವಿದೆ: ಪೋಷಕರ ದುಡಿಮೆ, ಹತ್ತಿರದ ತೋಟಗಾರಿಕಾ ಕಾಲೇಜಿನ ಸಲಹೆ, ಯಾರೋ ಕೊಟ್ಟ ಗೊಬ್ಬರ ಇವುಗಳಿಗೆಲ್ಲ ಬೆಲೆ ಕಟ್ಟಿ ಲೆಕ್ಕದಲ್ಲಿ ತೋರಿಸಿದರೆ ನಗದು ಹಣವನ್ನು ವೇತನಕ್ಕೆ ಉಳಿಸಿಕೊಳ್ಳಬಹುದು. ಭಾರತದಲ್ಲಿ 2019ರಲ್ಲಿ ಶಾಲಾ ಪೌಷ್ಟಿಕ ಕೈತೋಟಗಳಿಗೆ ಕೇಂದ್ರದ ಮಾರ್ಗಸೂಚಿ ಬಂದಿದೆ. ಅಲ್ಲಿ ತೋಟವನ್ನು ಮಧ್ಯಾಹ್ನದ ಊಟದ ಯೋಜನೆಗೆ ಜೋಡಿಸಿರುವುದರಿಂದ ಬೆಳೆದದ್ದು ಎಲ್ಲಿಗೆ ಹೋಗಬೇಕೆಂಬ ಗೊಂದಲವಾದರೂ ಕಡಿಮೆ.

ಮಣ್ಣು ಪರೀಕ್ಷಕ

ತಡವಾಗಿ ಬಂದಿದ್ದೇನೆ, ಕ್ಷಮಿಸಿ. ಇಷ್ಟು ಉದ್ದದ ಚರ್ಚೆಯಲ್ಲಿ ಮಣ್ಣಿನ ಪರೀಕ್ಷೆಯ ಖರ್ಚು ಯಾರ ಪಟ್ಟಿಯಲ್ಲೂ ಇಲ್ಲದಿರುವುದು ನನಗೆ ಸೋಜಿಗ. ಹಳೆಯ ಕಟ್ಟಡದ ಹಿಂಬದಿ, ರಸ್ತೆಯ ಪಕ್ಕ, ಹಿಂದೆ ಕಾರ್ಖಾನೆ ಅಥವಾ ಗ್ಯಾರೇಜು ಇದ್ದ ಜಾಗ ಇವುಗಳಲ್ಲಿ ಉದುರಿದ ಬಣ್ಣದಿಂದಲೂ ಹಿಂದೆ ಸೀಸ ಬೆರೆಸುತ್ತಿದ್ದ ಪೆಟ್ರೋಲಿನ ಹೊಗೆಯಿಂದಲೂ ಆ ವಿಷಲೋಹ ಮಣ್ಣಿಗೆ ಸೇರಿರಬಹುದು. ಗಿಡ ಹೀರಿಕೊಂಡ ಸೀಸಕ್ಕಿಂತ ಮಕ್ಕಳ ಕೈಗೆ ಅಂಟಿದ ಮಣ್ಣು ಮತ್ತು ಉಸಿರಿನ ದೂಳು ಹೆಚ್ಚು ಅಪಾಯಕಾರಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ವಸತಿ ಪ್ರದೇಶದ ಮಣ್ಣಿನಲ್ಲಿ ಸೀಸದ ಎಚ್ಚರಿಕೆಯ ಮಟ್ಟವನ್ನು 2024ರಲ್ಲಿ ಹತ್ತು ಲಕ್ಷಕ್ಕೆ 400 ಭಾಗದಿಂದ 200ಕ್ಕೆ ಇಳಿಸಿತು. ಪರೀಕ್ಷೆಯಲ್ಲಿ ಹೆಚ್ಚು ಬಂದರೆ ಏರುಪಾತಿಗೆ ಹೊರಗಿನ ಮಣ್ಣು ತುಂಬಿಸಬೇಕು, ದಾರಿಗಳಿಗೆ ಹೊದಿಕೆ ಹಾಕಬೇಕು, ಗೆಡ್ಡೆ ಮತ್ತು ಸೊಪ್ಪಿನ ಬದಲು ಕಾಯಿಬಿಡುವ ಗಿಡಗಳನ್ನು ಆರಿಸಬೇಕು. ಅಂದರೆ ತೋಟಗಾರರ ಸೊಪ್ಪಿನ ಸಲಹೆಯೂ, ಏರುಪಾತಿಯ ಅಂದಾಜು ವೆಚ್ಚವೂ ಈ ಒಂದು ವರದಿಯ ಮೇಲೆ ನಿಂತಿವೆ. ಅರ್ಜಿಗೂ ಮೊದಲೇ ಪರೀಕ್ಷೆ ಮಾಡಿಸಿ.

ಸಮಿತಿ ಸದಸ್ಯ

ಎಲ್ಲರ ಉತ್ತರಗಳನ್ನೂ ಸಮಿತಿಯ ಮುಂದೆ ಓದಿದೆ. ಮಣ್ಣಿನ ಮಾದರಿಯನ್ನು ಕಳುಹಿಸಿದ್ದೇವೆ. ಕೊಠಡಿ ಕಟ್ಟುವ ಯೋಚನೆ ಸದ್ಯಕ್ಕೆ ಇಲ್ಲವೆಂದು ಮುಖ್ಯೋಪಾಧ್ಯಾಯರು ಲಿಖಿತವಾಗಿ ಕೊಡಲು ಒಪ್ಪಿದ್ದಾರೆ. ದತ್ತಿ ಸಂಸ್ಥೆಗೆ ಬರೆಯುವ ಪತ್ರದಲ್ಲಿ ‘ಅಪೌಷ್ಟಿಕತೆ ನಿವಾರಣೆ’ಯನ್ನು ಹೊಡೆದುಹಾಕಿ, ಪಾಠದ ಭಾಗವಾಗಿ ಬೆಳೆಯುವುದು, ಅಡುಗೆಗೆ ವಾರಕ್ಕೆ ಎರಡು ದಿನದ ಸೊಪ್ಪು ಅಥವಾ ತರಕಾರಿ ಕೊಡುವುದು, ಬಯಸುವ ಮನೆಗಳಿಗೆ ಸಸಿ ಹಂಚುವುದು ಎಂಬ ಮೂರು ಮಾತುಗಳನ್ನಷ್ಟೇ ಇಡುತ್ತಿದ್ದೇವೆ. ಹಣವನ್ನು ಮೂರು ವರ್ಷಕ್ಕೆ ಹಂಚುವ ಕೋರಿಕೆಯೂ ಇದೆ. ಅವರು ವೇತನದ ಪಾಲನ್ನು ಒಪ್ಪದಿದ್ದರೆ ಅರ್ಜಿಯನ್ನೇ ಹಿಂಪಡೆಯಬೇಕೆಂದು ಇಬ್ಬರು ಸದಸ್ಯರು ಹೇಳುತ್ತಿದ್ದಾರೆ, ಉಳಿದವರಿಗೆ ಅದು ಅತಿಯೆನಿಸುತ್ತದೆ. ಪರಿಶೀಲಕಿಯವರ ಅಭಿಪ್ರಾಯವೇನು?

ಅರ್ಜಿ ಪರಿಶೀಲಕಿ

ಆ ಇಬ್ಬರ ಮಾತಿಗೆ ನನ್ನ ಬೆಂಬಲವಿದೆ, ಆದರೆ ಹಿಂಪಡೆಯುವ ಮುನ್ನ ಒಂದು ಮೆಟ್ಟಿಲು ಬಾಕಿಯಿದೆ. ಅವರು ವೇತನ ಕೊಡಲು ಒಪ್ಪದಿದ್ದರೆ, ನೂರು ಚದರ ಮೀಟರಿನ ಬದಲು ಇಪ್ಪತ್ತಕ್ಕೆ ಮಾತ್ರ ಅರ್ಜಿ ಹಾಕಿ, ಏಕೆಂದರೆ ಈಗಿರುವ ಸಿಬ್ಬಂದಿಯಿಂದ ನಡೆಸಲಾಗುವುದು ಹೆಚ್ಚೆಂದರೆ ಅಷ್ಟೇ. ಉಳಿದ ಎಂಬತ್ತನ್ನು ವೇತನದ ಹಣ ಒದಗಿದ ಮೇಲೆ ಸೇರಿಸುವುದಾಗಿ ಅರ್ಜಿಯಲ್ಲೇ ಬರೆಯಿರಿ. ನೀರಿನ ಕೊಳವೆಯನ್ನು ಮಾತ್ರ ಈಗಲೇ ಪೂರ್ತಿ ಜಾಗಕ್ಕೆ ಸಾಲುವ ಅಳತೆಯಲ್ಲಿ ಹಾಕಿಸಿ, ಆಮೇಲೆ ಅಗೆಯುವುದು ದುಬಾರಿ. ರಜೆಯ ವಾರಗಳಲ್ಲಿ ನೀರು ಹಾಕುವ ಕುಟುಂಬಗಳ ಸರದಿ ಪಟ್ಟಿಯನ್ನು ಅರ್ಜಿಗೆ ಲಗತ್ತಿಸಿ. ಆ ವಾರಗಳ ಫಸಲು ಅವರಿಗೇ ಸೇರತಕ್ಕದ್ದೆಂದು ಸಮಿತಿಯ ನಿರ್ಣಯ ಮಾಡಿ, ಅದರ ಪ್ರತಿಯನ್ನೂ ಜೊತೆಗಿಡಿ.